ಹಳೆಯ ಆರ್‌ಓ ಯಂತ್ರಗಳಿಗೆ ಎಎಂಸಿ ಜೋಡಿಸಿದ್ದು: ಇಆರ್‌ಪಿನೆಕ್ಸ್ಟ್‌ನಲ್ಲಿ ಮಾಡಿದ ಕೆಲಸದ ಪೂರ್ತಿ ವಿವರ

ತುಮಕೂರಿನ ಒಂದು ಸಣ್ಣ ಕಂಪನಿಗೆ ಈ ಕೆಲಸ ಮಾಡಿಕೊಟ್ಟೆ. ಅವರದು ಆರ್‌ಓ ಯಂತ್ರಗಳ, ಅಂದರೆ ನೀರು ಶುದ್ಧ ಮಾಡುವ ಯಂತ್ರಗಳ ವ್ಯಾಪಾರ. ಹೋಟೆಲ್, ಹಾಸ್ಟೆಲ್, ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್‌ಗಳು ಅವರ ಗಿರಾಕಿಗಳು. ಗಂಟೆಗೆ 25 ಲೀಟರ್ ಕೊಡುವ ಸಣ್ಣ ಯಂತ್ರದಿಂದ ಹಿಡಿದು 500 ಲೀಟರಿನ ದೊಡ್ಡ ಪ್ಲಾಂಟ್‌ವರೆಗೆ ಹಾಕಿಕೊಡುತ್ತಾರೆ. ಮಾರಾಟ, ಬಿಲ್, ಸ್ಟಾಕ್ ಎಲ್ಲವೂ ಮೊದಲಿಂದಲೇ ಇಆರ್‌ಪಿನೆಕ್ಸ್ಟ್‌ನಲ್ಲಿ ನಡೆಯುತ್ತಿತ್ತು. ಮುಂಬೈನ ಫ್ರಾಪೆ ಕಂಪನಿ ಕಟ್ಟಿದ ಓಪನ್ ಸೋರ್ಸ್ ಸಾಫ್ಟ್‌ವೇರ್ ಅದು. ಇವರ ಸರ್ವರ್‌ನಲ್ಲಿ ಇದ್ದದ್ದು 14ನೇ ಆವೃತ್ತಿ.

ಎಎಂಸಿ (ಯಂತ್ರದ ವಾರ್ಷಿಕ ನಿರ್ವಹಣೆಯ ಒಪ್ಪಂದ) ಮಾತ್ರ ಸಾಫ್ಟ್‌ವೇರ್‌ನ ಹೊರಗೇ ಉಳಿದಿತ್ತು. ಬಿಲ್‌ನಲ್ಲಿ ‘ಎಎಂಸಿ ಚಾರ್ಜ್, 1’ ಅಂತ ಒಂದು ಸಾಲು ಬರುತ್ತಿತ್ತು, ಅಷ್ಟೇ. ಯಾವ ಯಂತ್ರಕ್ಕೆ, ಯಾವ ತಾರೀಖಿನವರೆಗೆ, ವರ್ಷಕ್ಕೆ ಎಷ್ಟು ಸಲ ಹೋಗಬೇಕು ಅನ್ನುವುದೆಲ್ಲ ಟೆಕ್ನಿಷಿಯನ್‌ಗಳ ಡೈರಿಯಲ್ಲಿ. ಒಂದು ಹಾಸ್ಟೆಲ್‌ನಲ್ಲಿ ಮೂರು ಯಂತ್ರ ಇವೆ ಅಂದುಕೊಳ್ಳಿ. ಎರಡಕ್ಕೆ ಎಎಂಸಿ ಇದೆ, ಒಂದಕ್ಕೆ ಇಲ್ಲ. ವಾರ್ಡನ್ ಫೋನ್ ಮಾಡಿ ‘ನೀರು ಬರ್ತಿಲ್ಲ’ ಅಂದರೆ ಆಫೀಸಿನಲ್ಲಿ ಕೂತವರಿಗೆ ಅದು ಪುಕ್ಕಟೆ ಭೇಟಿಯೋ ದುಡ್ಡಿನ ಭೇಟಿಯೋ ಗೊತ್ತಾಗುವುದಿಲ್ಲ. ಡೈರಿ ಇಟ್ಟುಕೊಂಡ ಹುಡುಗ ಆ ಹೊತ್ತಿಗೆ ಶಿರಾದಲ್ಲೋ ಮಧುಗಿರಿಯಲ್ಲೋ ಇರುತ್ತಾನೆ.

ಯಜಮಾನರು ಕೇಳಿದ್ದು ಇಷ್ಟು. ಈಗಾಗಲೇ ಗಿರಾಕಿಗಳ ಹತ್ತಿರ ಇರುವ ಯಂತ್ರಗಳಿಗೆ ಎಎಂಸಿ ಸೇರಿಸಬೇಕು. ಮೂರು ತಿಂಗಳಿಗೊಮ್ಮೆ ಭೇಟಿ ತಾನಾಗಿ ಪಟ್ಟಿಗೆ ಬರಬೇಕು. ಬಿಲ್ ಸರಿಯಾದ ಹೊತ್ತಿಗೆ ತಯಾರಾಗಬೇಕು. ಅವಧಿ ಮುಗಿಯುವ ಮೊದಲು ನೆನಪು ಬರಬೇಕು.

ಕೆಲಸಕ್ಕೆ ಕೈ ಹಾಕುವ ಮುಂಚೆಯೇ ಒಂದು ಮಾತು ಖಚಿತ ಮಾಡಿಕೊಂಡೆ. ಎಎಂಸಿ ಯಂತ್ರಕ್ಕೆ ಅಂಟಬೇಕು, ಗಿರಾಕಿಯ ಹೆಸರಿಗೆ ಅಂಟಿದರೆ ಸಾಲದು. ಭೇಟಿ, ಬಿಲ್, ಬದಲಿಸಿದ ಫಿಲ್ಟರ್, ದೂರು ಎಲ್ಲವೂ ಒಂದೇ ಸೀರಿಯಲ್ ನಂಬರಿಗೆ ಬಂದು ಸೇರಬೇಕು. ಮುಂದೆ ತೆಗೆದುಕೊಂಡ ತೀರ್ಮಾನಗಳೆಲ್ಲ ಇದರಿಂದಲೇ ಹುಟ್ಟಿದವು.

ಯಂತ್ರವನ್ನು ಎಲ್ಲಿ ದಾಖಲಿಸಬೇಕು?

ಇಆರ್‌ಪಿನೆಕ್ಸ್ಟ್‌ನಲ್ಲಿ ‘ಅಸೆಟ್’ ಅಂತಲೇ ಒಂದು ಜಾಗ ಇದೆ. ಪಕ್ಕದಲ್ಲೇ ‘ಅಸೆಟ್ ಮೇಂಟೆನೆನ್ಸ್’ ಕೂಡ ಇದೆ, ಅದರಲ್ಲಿ ಇಷ್ಟು ದಿನಕ್ಕೊಮ್ಮೆ ಈ ಕೆಲಸ ಅಂತ ಬರೆದಿಡಬಹುದು. ನೋಡಿದ ತಕ್ಷಣ ಇದೇ ಸರಿ ಅನ್ನಿಸುತ್ತದೆ. ಆದರೆ ಅದು ಕಂಪನಿಯ ಸ್ವಂತ ಆಸ್ತಿಗೆ ಮಾಡಿದ್ದು. ಕಂಪ್ಯೂಟರ್, ವ್ಯಾನ್, ಮೆಷಿನರಿ ಇಂಥವು. ಅಲ್ಲಿ ಹಾಕಿದ್ದಕ್ಕೆ ಖರೀದಿ ಬೆಲೆ ಬೇಕು, ಡಿಪ್ರಿಸಿಯೇಷನ್ ಬೇಕು, ಲೆಕ್ಕದ ಪುಸ್ತಕದಲ್ಲಿ ಅದು ಕಂಪನಿಯದೇ ಸ್ವತ್ತಾಗಿ ಕೂರುತ್ತದೆ. ಗಿರಾಕಿಗೆ ಮಾರಿದ ಯಂತ್ರ ನಮ್ಮದಲ್ಲ. ಅದನ್ನು ಅಲ್ಲಿ ಹಾಕಿದರೆ ಬ್ಯಾಲೆನ್ಸ್ ಶೀಟ್ ಕೆಡುತ್ತದೆ. ಬಾಡಿಗೆಗೆ ಕೊಟ್ಟ ಯಂತ್ರಗಳು ಮಾತ್ರ ಕಂಪನಿಯವು. ಅವನ್ನು ಅಸೆಟ್‌ನಲ್ಲೇ ಬಿಟ್ಟೆ.

ಮಾರಿದ ಯಂತ್ರಗಳಿಗೆ ಸರಿಯಾದ ಜಾಗ ‘ಸೀರಿಯಲ್ ನಂಬರ್’. ಅದರಲ್ಲಿ ವಾರಂಟಿ ಮುಗಿಯುವ ತಾರೀಖು, ಎಎಂಸಿ ಮುಗಿಯುವ ತಾರೀಖು, ಮೇಂಟೆನೆನ್ಸ್ ಸ್ಟೇಟಸ್ ಮೂರೂ ಮೊದಲಿಂದಲೇ ಇವೆ. ಸ್ಟೇಟಸ್ ನಾಲ್ಕು ಥರ: ವಾರಂಟಿಯಲ್ಲಿದೆ, ವಾರಂಟಿ ಮುಗಿದಿದೆ, ಎಎಂಸಿಯಲ್ಲಿದೆ, ಎಎಂಸಿ ಮುಗಿದಿದೆ. ದಿನಕ್ಕೊಂದು ಸಲ ಸಾಫ್ಟ್‌ವೇರ್ ತಾನೇ ಇದನ್ನು ಲೆಕ್ಕ ಹಾಕಿ ಬದಲಿಸುತ್ತದೆ.

ಈ ಲೆಕ್ಕದಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ವಾರಂಟಿ ಇನ್ನೂ ಇದ್ದರೆ ಎಎಂಸಿ ಇದ್ದರೂ ‘ವಾರಂಟಿಯಲ್ಲಿದೆ’ ಅಂತಲೇ ತೋರಿಸುತ್ತದೆ. ಎರಡನೆಯದು ಇನ್ನೂ ಮುಖ್ಯ. ಅದು ನೋಡುವುದು ಮುಗಿಯುವ ತಾರೀಖನ್ನು ಮಾತ್ರ. ಶುರುವಾಗುವ ತಾರೀಖನ್ನು ನೋಡುವುದೇ ಇಲ್ಲ. ಮಾರ್ಚ್‌ನಲ್ಲಿ ಕೂತು ಏಪ್ರಿಲ್ 1ರಿಂದ ಶುರುವಾಗುವ ಎಎಂಸಿ ಸಬ್‌ಮಿಟ್ ಮಾಡಿದರೆ ಆವತ್ತಿನಿಂದಲೇ ‘ಎಎಂಸಿಯಲ್ಲಿದೆ’ ಅನ್ನುತ್ತದೆ. ಮಧ್ಯದಲ್ಲಿ ಯಂತ್ರ ಕೆಟ್ಟರೆ ಆಫೀಸಿನವರು ಸ್ಟೇಟಸ್ ನೋಡಿ ಪುಕ್ಕಟೆ ಕಳಿಸಿಬಿಡುತ್ತಾರೆ. ಅದಕ್ಕೆ ‘ಎಎಂಸಿ ಶುರು’ ಅಂತ ನಮ್ಮದೇ ಒಂದು ತಾರೀಖಿನ ಫೀಲ್ಡ್ ಸೇರಿಸಿದೆ. ಫೋನ್ ತೆಗೆಯುವವರ ಪರದೆಯಲ್ಲಿ ಎರಡೂ ತಾರೀಖು ಒಟ್ಟಿಗೆ ಕಾಣುವ ಹಾಗೆ ಇಟ್ಟೆ.

ಇನ್ನೂ ಎರಡು ಫೀಲ್ಡ್ ಬೇಕಾಯಿತು. ‘ಎಎಂಸಿ ಗಿರಾಕಿ’ ಮತ್ತು ‘ಯಂತ್ರ ಇರುವ ವಿಳಾಸ’. ಸೀರಿಯಲ್ ನಂಬರಿನಲ್ಲಿ ಗಿರಾಕಿಯ ಹೆಸರಿಗೆ ಮೊದಲೇ ಜಾಗ ಇದೆಯಲ್ಲ ಅಂತ ಕೇಳಬಹುದು. ಇದೆ, ಆದರೆ ಅದು ಮಾರಾಟದ ದಾಖಲೆಯಿಂದ ತುಂಬಿಕೊಳ್ಳುತ್ತದೆ. ಇವರು ಬೇರೆಯವರು ಮಾರಿದ ಯಂತ್ರಗಳಿಗೂ ಎಎಂಸಿ ಮಾಡುತ್ತಾರೆ. ಆ ಯಂತ್ರಗಳಿಗೆ ಇವರ ಪುಸ್ತಕದಲ್ಲಿ ಮಾರಾಟವೇ ಇಲ್ಲ. ವಿಳಾಸ ಬೇರೆ ಬೇಕಾದದ್ದು ಯಾಕೆ ಅಂದರೆ, ಒಬ್ಬರೇ ಗಿರಾಕಿಗೆ ಬಿ.ಎಚ್. ರಸ್ತೆಯಲ್ಲಿ ಒಂದು ಹೋಟೆಲ್, ಬೈಪಾಸ್‌ನಲ್ಲಿ ಇನ್ನೊಂದು ಇರುತ್ತದೆ.

ಒಂದು ಸಣ್ಣ ಸೂಚನೆ. ಫೀಲ್ಡ್‌ನ ಲೇಬಲ್ ಕನ್ನಡದಲ್ಲೇ ಕೊಡಿ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಒಳಗಿನ ಫೀಲ್ಡ್ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನೀವೇ ಟೈಪ್ ಮಾಡಿ. ಬಿಟ್ಟರೆ ಸಾಫ್ಟ್‌ವೇರ್ ಕನ್ನಡ ಲೇಬಲ್‌ನಿಂದಲೇ ಹೆಸರು ತಯಾರಿಸಲು ಹೋಗುತ್ತದೆ. ಆಮೇಲೆ ಸ್ಕ್ರಿಪ್ಟ್ ಬರೆಯುವಾಗ ಕಷ್ಟ.

ಹಳೆಯ ಯಂತ್ರಗಳನ್ನು ಒಳಗೆ ತಂದದ್ದು

ಅತಿ ಜಾಸ್ತಿ ಸಮಯ ಹಿಡಿದದ್ದು ಇದು. ಸಾಫ್ಟ್‌ವೇರ್ ಬರುವ ಮುಂಚೆ ಮಾರಿದ ಯಂತ್ರಗಳ ಪಟ್ಟಿ ಒಂದು ಎಕ್ಸೆಲ್ ಫೈಲ್‌ನಲ್ಲಿ, ಒಂದು ರಿಜಿಸ್ಟರ್‌ನಲ್ಲಿ, ಉಳಿದದ್ದು ಹುಡುಗರ ತಲೆಯಲ್ಲಿ. ಒಂದೇ ಯಂತ್ರ ಮಾಲೀಕರ ಹೆಸರಲ್ಲಿ ಒಮ್ಮೆ, ಹೋಟೆಲ್ ಹೆಸರಲ್ಲಿ ಒಮ್ಮೆ ಬಂದಿತ್ತು.

ಕೂತಲ್ಲೇ ಎಕ್ಸೆಲ್ ಸರಿಮಾಡುವುದರಲ್ಲಿ ಅರ್ಥ ಇರಲಿಲ್ಲ. ಹುಡುಗರು ಮಾಮೂಲಿ ಭೇಟಿಗೆ ಹೋದಾಗಲೇ ಯಂತ್ರದ ನೇಮ್‌ಪ್ಲೇಟ್ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿದೆವು. ‘ಸಾರ್, ಸ್ಟಿಕ್ಕರ್ ಅಳಿಸಿ ಹೋಗಿದೆ, ಏನ್ ಮಾಡ್ಲಿ?’ ಅಂತ ಫೋನ್ ಬರುತ್ತಿತ್ತು. ಅಂಥ ಯಂತ್ರಕ್ಕೆ ನಮ್ಮದೇ ನಂಬರ್ ಕೊಟ್ಟು, ಅಲ್ಯೂಮಿನಿಯಂ ಟ್ಯಾಗ್ ಮಾಡಿಸಿ ಫ್ರೇಮ್‌ಗೆ ರಿವೆಟ್ ಹೊಡೆಸಿದೆವು. ಕಾಗದದ ಸ್ಟಿಕ್ಕರ್ ನೀರಿನ ಪಕ್ಕದಲ್ಲಿ ನಿಲ್ಲುವುದಿಲ್ಲ. ಟ್ಯಾಗ್‌ಗೆ ಸ್ವಲ್ಪ ಖರ್ಚಾದರೂ ಪರವಾಗಿಲ್ಲ, ಮಾಡಿಸಿ. ಇಡೀ ವ್ಯವಸ್ಥೆ ನಿಂತಿರುವುದೇ ಆ ನಂಬರಿನ ಮೇಲೆ.

ಐಟಂ, ಅಂದರೆ ಪ್ರತಿ ಮಾದರಿಗೆ ಸಾಫ್ಟ್‌ವೇರ್‌ನಲ್ಲಿ ಮಾಡುವ ದಾಖಲೆ, ಅದರ ವಿಷಯದಲ್ಲಿ ಒಂದು ಅಡ್ಡಿ ಬಂತು. ಹಳೆಯ ಕೆಲವು ಮಾದರಿಗಳ ಐಟಂನಲ್ಲಿ ‘ಹ್ಯಾಸ್ ಸೀರಿಯಲ್ ನಂಬರ್’ ಟಿಕ್ ಆಗಿರಲಿಲ್ಲ. ಒಂದು ಐಟಂಗೆ ಸ್ಟಾಕ್ ವ್ಯವಹಾರ ಶುರುವಾದ ಮೇಲೆ ಆ ಟಿಕ್ ಬದಲಿಸಲು ಸಾಫ್ಟ್‌ವೇರ್ ಬಿಡುವುದಿಲ್ಲ. ಹಾಗಾಗಿ ಅಂಥ ಮಾದರಿಗೆ ಹೊಸ ಐಟಂ ಮಾಡಿ ಟಿಕ್ ಹಾಕಿದೆ, ಹಳೆಯದನ್ನು ಡಿಸೇಬಲ್ ಮಾಡಿದೆ. ಬೇರೆಯವರು ಮಾರಿದ ಯಂತ್ರಗಳಿಗೆ ಬ್ರಾಂಡ್‌ಗೊಂದು ಐಟಂ ಮಾಡಲು ಹೋಗಲಿಲ್ಲ. ‘ಹೊರಗಿನ ಆರ್‌ಓ 25 ಲೀಟರ್’, ‘ಹೊರಗಿನ ಆರ್‌ಓ 100 ಲೀಟರ್’ ಅಂತ ಸಾಮರ್ಥ್ಯಕ್ಕೊಂದು ಮಾಡಿದೆ. ಬ್ರಾಂಡ್ ಹೆಸರು ವಿವರಣೆಯಲ್ಲಿ ಹೋಯಿತು. ಸರ್ವಿಸ್‌ಗೆ ಬೇಕಾದದ್ದು ಸಾಮರ್ಥ್ಯ ಮತ್ತು ಮೆಂಬ್ರೇನ್ (ನೀರು ಸೋಸುವ ಪೊರೆ) ಸೈಜ್ ತಾನೇ.

ಅಕೌಂಟೆಂಟ್ ಮೇಡಂ ಒಂದು ಸಲಹೆ ಕೊಟ್ಟರು: ಹಳೆಯ ಯಂತ್ರಗಳನ್ನು ಓಪನಿಂಗ್ ಸ್ಟಾಕ್ ಆಗಿ ತಂದು, ಸೊನ್ನೆ ಬೆಲೆಗೆ ಡೆಲಿವರಿ ನೋಟ್ ಮಾಡಿದರೆ ಗಿರಾಕಿ ಹೆಸರು ತಾನೇ ಕೂರುತ್ತದಲ್ವಾ ಅಂತ. ಕೂರುತ್ತದೆ ನಿಜ. ಆದರೆ ಇಲ್ಲದ ಸರಕು ಗೋಡೌನಿಗೆ ಬಂದು ಹೋದ ಹಾಗೆ ಸ್ಟಾಕ್ ಲೆಡ್ಜರ್‌ನಲ್ಲಿ ಉಳಿಯುತ್ತದೆ. ವರ್ಷದ ಕೊನೆಗೆ ಆಡಿಟರ್ ಕೇಳಿದರೆ ಉತ್ತರ ಕೊಡುವುದು ಅವರೇ. ಅದರ ಬದಲು ವೇರ್‌ಹೌಸ್ ಖಾಲಿ ಬಿಟ್ಟು ನೇರವಾಗಿ ಸೀರಿಯಲ್ ನಂಬರ್ ದಾಖಲೆ ಮಾಡಬಹುದು. ಹೊಸ ಸೀರಿಯಲ್ ನಂಬರಿಗೆ ಕೈಯಿಂದ ವೇರ್‌ಹೌಸ್ ತುಂಬಲು ಸಾಫ್ಟ್‌ವೇರ್ ಬಿಡುವುದೂ ಇಲ್ಲ. ಸ್ಟಾಕ್ ಮುಟ್ಟದೆ ಯಂತ್ರ ಒಳಗೆ ಬಂತು.

ಡೇಟಾ ಇಂಪೋರ್ಟ್‌ನಲ್ಲಿ ಟೆಂಪ್ಲೇಟ್ ಇಳಿಸಿಕೊಂಡು, ಮೊದಲು ನಾಲ್ಕೈದು ಸಾಲು ಮಾತ್ರ ಹಾಕಿ ನೋಡಿದೆ. ಸರಿಯಾದ ಮೇಲೆ ಉಳಿದದ್ದು. ತಾರೀಖಿನ ಕಾಲಂ ಬಗ್ಗೆ ಹುಷಾರಾಗಿರಿ. 05/04 ಅನ್ನುವುದು ಏಪ್ರಿಲ್ 5ನೂ ಆಗಬಹುದು, ಮೇ 4ನೂ ಆಗಬಹುದು. ಇಡೀ ಕಾಲಂ ಅನ್ನು ವರ್ಷ, ತಿಂಗಳು, ದಿನ ಈ ಕ್ರಮಕ್ಕೆ ತಂದು ಆಮೇಲೆ ಹಾಕಿದೆ. ವಾರಂಟಿ ತಾರೀಖು ಗೊತ್ತಿರುವಲ್ಲೆಲ್ಲ ತಪ್ಪದೆ ತುಂಬಿಸಿದೆವು. ಅದರ ಉಪಯೋಗ ಮುಂದೆ ಬರುತ್ತದೆ.

ಎರಡು ಐಟಂ ಗಂಟು

ಈ ಕೆಲಸದ ನಿಜವಾದ ತೊಡಕು ಇಲ್ಲಿತ್ತು. ಬಿಲ್ ಆಗುವುದು ಸೇವೆಯ ಹೆಸರಲ್ಲಿ. ಅದಕ್ಕೆ ‘ಆರ್‌ಓ ಎಎಂಸಿ ಕಾಂಪ್ರಹೆನ್ಸಿವ್’, ‘ಆರ್‌ಓ ಎಎಂಸಿ ನಾನ್ ಕಾಂಪ್ರಹೆನ್ಸಿವ್’ ಅಂತ ಸ್ಟಾಕ್ ಇಲ್ಲದ ಎರಡು ಐಟಂ ಮಾಡಿದೆ. ಮೊದಲನೆಯದರಲ್ಲಿ ಫಿಲ್ಟರ್, ಮೆಂಬ್ರೇನ್, ಪಂಪ್ ಎಲ್ಲ ಸೇರಿದೆ. ಎರಡನೆಯದರಲ್ಲಿ ಕೆಲಸದ ಕೂಲಿ ಮಾತ್ರ, ಪಾರ್ಟ್ಸ್‌ಗೆ ಬೇರೆ ಬಿಲ್. ಎರಡಕ್ಕೂ ಎಸ್‌ಎಸಿ 9987ರ (ಜಿಎಸ್‌ಟಿಯಲ್ಲಿ ಸೇವೆಗೆ ಕೊಡುವ ಕೋಡ್) ಕೆಳಗೆ 18 ಪರ್ಸೆಂಟ್ ಜಿಎಸ್‌ಟಿ. ರಾಜ್ಯದೊಳಗಾದರೆ ಕೇಂದ್ರಕ್ಕೆ 9, ರಾಜ್ಯಕ್ಕೆ 9.

ಭೇಟಿ ಆಗುವುದು ಯಂತ್ರಕ್ಕೆ. ಭೇಟಿಗಳ ಪಟ್ಟಿ ಮಾಡುವ ದಾಖಲೆಯ ಹೆಸರು ‘ಮೇಂಟೆನೆನ್ಸ್ ಶೆಡ್ಯೂಲ್’. ಸೇಲ್ಸ್ ಆರ್ಡರ್‌ನ ಆರ್ಡರ್ ಟೈಪ್ ‘ಮೇಂಟೆನೆನ್ಸ್’ ಅಂತ ಇಟ್ಟರೆ ಅದರಿಂದಲೇ ಶೆಡ್ಯೂಲ್ ಮಾಡುವ ಬಟನ್ ಬರುತ್ತದೆ. ಒತ್ತಿದರೆ ಆರ್ಡರ್‌ನ ಐಟಂ ಹಾಗೇ ಶೆಡ್ಯೂಲ್‌ಗೆ ಬರುತ್ತದೆ, ಅಂದರೆ ಎಎಂಸಿ ಐಟಂ. ಅದರ ಮುಂದೆ ಯಂತ್ರದ ಸೀರಿಯಲ್ ನಂಬರ್ ಹಾಕಿ ಸಬ್‌ಮಿಟ್ ಮಾಡಿದರೆ, ಈ ಸೀರಿಯಲ್ ನಂಬರ್ ಈ ಐಟಂಗೆ ಸೇರಿದ್ದಲ್ಲ ಅಂತ ತಡೆಯುತ್ತದೆ. ಸಾಫ್ಟ್‌ವೇರ್ ಹೇಳುವುದು ಸರಿಯೇ. ಸೀರಿಯಲ್ ನಂಬರ್ ಇರುವುದು ಯಂತ್ರದ ಐಟಂಗೆ.

ಬಹಳ ಕಡೆ ಜನ ಇಲ್ಲಿಗೆ ಬಂದು ಸೀರಿಯಲ್ ನಂಬರ್ ಖಾಲಿ ಬಿಟ್ಟು ಮುಂದೆ ಹೋಗುತ್ತಾರೆ. ಹಾಗೆ ಮಾಡಿದರೆ ಎಎಂಸಿ ತಾರೀಖು ಯಾವ ಯಂತ್ರದ ಮೇಲೂ ಕೂರುವುದಿಲ್ಲ. ಮತ್ತೆ ಡೈರಿಗೇ ವಾಪಸ್.

ನಾನು ಮಾಡಿದ್ದು ಹೀಗೆ. ಸೇಲ್ಸ್ ಆರ್ಡರ್‌ನ ಐಟಂ ಸಾಲಿನಲ್ಲಿ ‘ಯಂತ್ರ’ ಅನ್ನುವ ಲಿಂಕ್ ಫೀಲ್ಡ್ ಸೇರಿಸಿದೆ, ಅದು ಸೀರಿಯಲ್ ನಂಬರಿಗೆ ಕೂಡಿಕೊಳ್ಳುತ್ತದೆ. ಜೊತೆಗೆ ‘ಶುರು’, ‘ಕೊನೆ’ ಎರಡು ತಾರೀಖು. ಒಂದು ಯಂತ್ರಕ್ಕೆ ಒಂದು ಸಾಲು. ಮೂರು ಯಂತ್ರ ಇದ್ದರೆ ಸಂಖ್ಯೆ 3 ಅಂತ ಒಂದೇ ಸಾಲು ಹಾಕುವುದು ಬೇಡ, ಮೂರು ಸಾಲೇ ಇರಲಿ. ಸೇಲ್ಸ್ ಇನ್‌ವಾಯ್ಸ್‌ನ ಸಾಲಿನಲ್ಲೂ ಅದೇ ಫೀಲ್ಡ್‌ಗಳನ್ನು, ಒಳಗಿನ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರುವ ಹಾಗೆ ಮಾಡಿದೆ. ಒಂದು ದಾಖಲೆಯಿಂದ ಇನ್ನೊಂದನ್ನು ತಯಾರಿಸುವಾಗ ಹೆಸರು ಒಂದೇ ಇರುವ ಫೀಲ್ಡ್‌ಗಳು ತಾವೇ ನಕಲಾಗುತ್ತವೆ. ಆರ್ಡರ್‌ನಿಂದ ಇನ್‌ವಾಯ್ಸ್‌ಗೆ ಯಂತ್ರದ ನಂಬರ್ ಒಯ್ಯಲು ಒಂದು ಸಾಲೂ ಕೋಡ್ ಬರೆಯಬೇಕಾಗಲಿಲ್ಲ.

‘ಯಂತ್ರ’ ಫೀಲ್ಡ್ ಒತ್ತಿದರೆ ಆ ಗಿರಾಕಿಯ ಯಂತ್ರಗಳು ಮಾತ್ರ ಕಾಣಬೇಕು. ಅದಕ್ಕೆ ಸಣ್ಣದೊಂದು ಕ್ಲೈಂಟ್ ಸ್ಕ್ರಿಪ್ಟ್ (ಪರದೆಯಲ್ಲಿ ಓಡುವ ಪುಟ್ಟ ಕೋಡ್). ಆಮೇಲೆ ಸೇಲ್ಸ್ ಆರ್ಡರ್ ಸಬ್‌ಮಿಟ್ ಆದಾಗ ಓಡುವ ಸರ್ವರ್ ಸ್ಕ್ರಿಪ್ಟ್. ಆರ್ಡರ್ ಟೈಪ್ ಮೇಂಟೆನೆನ್ಸ್ ಹೌದಾ ಅಂತ ಅದು ಮೊದಲು ನೋಡುತ್ತದೆ. ಪ್ರತಿ ಸಾಲಿನ ‘ಯಂತ್ರ’ದಿಂದ ಅದರ ಸ್ವಂತ ಐಟಂ ಕೋಡ್ ಹುಡುಕುತ್ತದೆ. ಯಂತ್ರದ ಐಟಂ, ಸೀರಿಯಲ್ ನಂಬರ್, ಎರಡು ತಾರೀಖು, ಜವಾಬ್ದಾರಿ ವ್ಯಕ್ತಿ ಇಷ್ಟನ್ನೂ ಹಾಕಿ ಮೇಂಟೆನೆನ್ಸ್ ಶೆಡ್ಯೂಲ್‌ನ ಡ್ರಾಫ್ಟ್ ತಯಾರಿಸುತ್ತದೆ. ಸಬ್‌ಮಿಟ್ ಮಾಡುವುದು ಮನುಷ್ಯರಿಗೇ ಬಿಟ್ಟದ್ದು. ಸ್ವಂತ ಸರ್ವರ್ ಆದರೆ ಸರ್ವರ್ ಸ್ಕ್ರಿಪ್ಟ್ ಓಡಲು ಸೈಟ್‌ನ ಕಾನ್ಫಿಗ್ ಫೈಲ್‌ನಲ್ಲಿ ಅದನ್ನು ಆನ್ ಮಾಡಿರಬೇಕು.

ಹೀಗೆ ಬಿಲ್ ಸೇವೆಯ ಐಟಂನಲ್ಲಿ, ಭೇಟಿ ಯಂತ್ರದ ಐಟಂನಲ್ಲಿ ಉಳಿಯಿತು. ಎರಡನ್ನೂ ಹಿಡಿದಿಟ್ಟದ್ದು ಸೀರಿಯಲ್ ನಂಬರ್.

ಶೆಡ್ಯೂಲ್ ತಾರೀಖು ಹಾಕುವ ರೀತಿ

ಪೀರಿಯಾಡಿಸಿಟಿ ‘ಕ್ವಾರ್ಟರ್ಲಿ’ ಅಂತ ಕೊಟ್ಟರೆ 91 ದಿನಕ್ಕೊಂದು ಭೇಟಿ ಅಂತ ಲೆಕ್ಕ. ಮಂತ್ಲಿ ಅಂದರೆ 30, ಹಾಫ್ ಇಯರ್ಲಿ ಅಂದರೆ 182. 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗೆ ಹಾಕಿ ‘ಜೆನರೇಟ್ ಶೆಡ್ಯೂಲ್’ ಒತ್ತಿದಾಗ ಬಂದ ತಾರೀಖುಗಳು: ಜುಲೈ 1, ಸೆಪ್ಟೆಂಬರ್ 30, ಡಿಸೆಂಬರ್ 30, ಮಾರ್ಚ್ 31. ಮೊದಲ ಭೇಟಿ ಶುರುವಿನ ದಿನ ಬರುವುದಿಲ್ಲ, ಒಂದು ಅವಧಿ ಕಳೆದ ಮೇಲೆ ಬರುತ್ತದೆ. ಕೊನೆಯ ಭೇಟಿ ಒಪ್ಪಂದ ಮುಗಿಯುವ ದಿನವೇ ಬರುತ್ತದೆ.

ಎರಡಕ್ಕೂ ಪರಿಹಾರ ಬೇಕಿತ್ತು. ಹಳೆಯ ಯಂತ್ರಕ್ಕೆ ಎಎಂಸಿ ಕೊಡುವ ಮುಂಚೆ ಅದರ ಸ್ಥಿತಿ ನೋಡಲೇಬೇಕು. ಬೇರೆಯವರು ಹಾಕಿದ ಯಂತ್ರದ ಮೆಂಬ್ರೇನ್ ಅದಾಗಲೇ ಹೋಗಿದ್ದರೆ, ಕಾಂಪ್ರಹೆನ್ಸಿವ್ ಕೊಟ್ಟ ಮೊದಲ ವಾರವೇ ನಷ್ಟ. ಅದಕ್ಕೆ ಶುರುವಿನಲ್ಲಿ ‘ಅನ್‌ಶೆಡ್ಯೂಲ್ಡ್’ ಥರದ ಮೇಂಟೆನೆನ್ಸ್ ವಿಸಿಟ್ ಒಂದು ಕಡ್ಡಾಯ ಮಾಡಿದೆವು. ಒಳಗೆ ಹೋಗುವ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ), ಹೊರಗೆ ಬರುವ ನೀರಿನ ಟಿಡಿಎಸ್, ಪಂಪ್‌ನ ಒತ್ತಡ ಮೂರನ್ನೂ ಅದರಲ್ಲಿ ಬರೆಯಬೇಕು. ಕೊನೆಯ ಭೇಟಿಗೆ ಎರಡು ಮೂರು ವಾರ ಮುಂಚೆಯೇ ಹೋಗುವುದು ಅಂತ ನಿಯಮ ಮಾಡಿಕೊಂಡರು. ವಿಸಿಟ್‌ಗೆ ಅದರದೇ ತಾರೀಖು ಇರುತ್ತದೆ, ಶೆಡ್ಯೂಲ್‌ನ ದಿನವೇ ಹೋಗಬೇಕು ಅಂತೇನಿಲ್ಲ. ರಿನ್ಯೂವಲ್ ಮಾತೂ ಆವಾಗಲೇ ಆಗುತ್ತದೆ.

ರಜಾ ಪಟ್ಟಿಯನ್ನು ಅದು ಗೌರವಿಸುತ್ತದೆ. ಭೇಟಿ ರಜಾ ದಿನದಂದು ಬಿದ್ದರೆ ಹಿಂದಿನ ದಿನಕ್ಕೆ ಸರಿಸುತ್ತದೆ. ಭಾನುವಾರದ್ದು ಶನಿವಾರಕ್ಕೆ ಬರುತ್ತದೆ. ಆದರೆ ಹೋಟೆಲ್‌ನವರಿಗೆ ಶನಿವಾರವೂ ಆಗಿಬರುವುದಿಲ್ಲ. ಕಲ್ಯಾಣ ಮಂಟಪಗಳದು ಇನ್ನೊಂದು ಕಥೆ. ಅಲ್ಲಿ ಮೂರು ತಿಂಗಳ ಲೆಕ್ಕಕ್ಕಿಂತ ಮುಹೂರ್ತದ ಲೆಕ್ಕ ಮುಖ್ಯ. ಆಷಾಢದಲ್ಲಿ ಮದುವೆ ಇಲ್ಲ, ಯಂತ್ರ ಖಾಲಿ ಕೂರುತ್ತದೆ. ನಿಂತ ನೀರಿನಲ್ಲಿ ಮೆಂಬ್ರೇನ್ ಹಾಳಾಗುತ್ತದೆ. ಶ್ರಾವಣ ಹುಟ್ಟುವ ಮುಂಚೆ ಒಂದು ದೊಡ್ಡ ಸರ್ವಿಸ್ ಆಗಲೇಬೇಕು. ಅವರಿಗೆ ಎಎಂಸಿಯ ಶುರುವಿನ ತಾರೀಖನ್ನೇ ಹಾಗೆ ಹೊಂದಿಸಿದೆವು. ಹಾಸ್ಟೆಲ್‌ಗಳಿಗೆ ಬೇಸಿಗೆ ರಜೆ ಮುಗಿಯುವ ಹೊತ್ತು.

ಪ್ರತಿ ಸಾಲಿಗೂ ಒಬ್ಬ ಸೇಲ್ಸ್ ಪರ್ಸನ್ ಬೇಕೇ ಬೇಕು, ಇಲ್ಲದಿದ್ದರೆ ಸಾಫ್ಟ್‌ವೇರ್ ಒಪ್ಪುವುದಿಲ್ಲ. ಟೆಕ್ನಿಷಿಯನ್‌ಗಳನ್ನೇ ಸೇಲ್ಸ್ ಪರ್ಸನ್ ಪಟ್ಟಿಗೆ ಸೇರಿಸಿ, ಅವರ ಉದ್ಯೋಗಿ ದಾಖಲೆಗೆ ಲಾಗಿನ್ ಜೋಡಿಸಿದೆ. ಶೆಡ್ಯೂಲ್ ಸಬ್‌ಮಿಟ್ ಆದರೆ ಪ್ರತಿ ಭೇಟಿಗೂ ಕ್ಯಾಲೆಂಡರ್‌ನಲ್ಲಿ ಒಂದು ಈವೆಂಟ್ ಬೀಳುತ್ತದೆ.

ವಾರಂಟಿ ತಾರೀಖು ತುಂಬಿಸಿದ್ದರ ಉಪಯೋಗ ಇಲ್ಲಿ ಗೊತ್ತಾಯಿತು. ಎಎಂಸಿ ಶುರುವಾಗುವ ದಿನ ಯಂತ್ರ ಇನ್ನೂ ವಾರಂಟಿಯಲ್ಲಿದ್ದರೆ, ಅಥವಾ ಹಳೆಯ ಎಎಂಸಿ ಇನ್ನೂ ಮುಗಿದಿಲ್ಲದಿದ್ದರೆ, ಯಾವ ತಾರೀಖಿನವರೆಗೆ ಇದೆ ಅಂತ ಹೇಳಿ ಸಬ್‌ಮಿಟ್ ತಡೆಯುತ್ತದೆ. ಒಂದೇ ಅವಧಿಗೆ ಗಿರಾಕಿಯಿಂದ ಎರಡು ಸಲ ದುಡ್ಡು ತೆಗೆದುಕೊಳ್ಳುವುದು ಇದರಿಂದ ನಿಲ್ಲುತ್ತದೆ. ಯಜಮಾನರಿಗೆ ಅತಿ ಇಷ್ಟವಾದ ಭಾಗ ಇದು. ಎಎಂಸಿ ಶುರುವಿನ ತಾರೀಖು ವಾರಂಟಿ ಮುಗಿದ ಮರುದಿನ ಅಂತ ಸರ್ವರ್ ಸ್ಕ್ರಿಪ್ಟ್‌ನಲ್ಲೇ ಹಾಕಿಸಿಕೊಂಡರು.

ಬಿಲ್

ವರ್ಷದ ಹಣ ಒಟ್ಟಿಗೆ ಕೊಡುವವರದು ಸುಲಭ. ಆರ್ಡರ್, ಇನ್‌ವಾಯ್ಸ್, ಮುಗಿಯಿತು. ಎಎಂಸಿ ಐಟಂನಲ್ಲಿ ‘ಡಿಫರ್ಡ್ ರೆವಿನ್ಯೂ’ ಆನ್ ಮಾಡಿ 12 ತಿಂಗಳು ಅಂತ ಕೊಟ್ಟೆ. 12,000 ರೂಪಾಯಿ ಎಎಂಸಿಗೆ 2,160 ಜಿಎಸ್‌ಟಿ ಸೇರಿ ಬಿಲ್ 14,160. ಜಿಎಸ್‌ಟಿ ಪೂರ್ತಿ ಆಗಲೇ ಕಟ್ಟಬೇಕು. 12,000 ಮಾತ್ರ ತಿಂಗಳು ತಿಂಗಳಿಗೆ ಹಂಚಿ ಆದಾಯಕ್ಕೆ ಬರುತ್ತದೆ. ಅಕೌಂಟ್ಸ್ ಸೆಟ್ಟಿಂಗ್ಸ್‌ನಲ್ಲಿ ದಿನದ ಲೆಕ್ಕ, ತಿಂಗಳ ಲೆಕ್ಕ ಅಂತ ಎರಡು ಆಯ್ಕೆ ಇದೆ. ದಿನದ ಲೆಕ್ಕ ಇಟ್ಟರೆ ಏಪ್ರಿಲ್‌ಗೆ 986.30, ಮೇಗೆ 1,019.18 ಬರುತ್ತದೆ. ತಿಂಗಳ ಲೆಕ್ಕ ಇಟ್ಟರೆ ಪ್ರತಿ ತಿಂಗಳೂ 1,000. ಮೇಡಂ ತಿಂಗಳ ಲೆಕ್ಕ ಆರಿಸಿಕೊಂಡರು, ಹೊಂದಾಣಿಕೆ ನೋಡಲು ಸುಲಭ ಅಂತ.

ಮೂರು ತಿಂಗಳಿಗೊಮ್ಮೆ ಕೊಡುವವರಿಗೆ ಏನು ಮಾಡುವುದು? ‘ಸಬ್‌ಸ್ಕ್ರಿಪ್ಷನ್’ ಅನ್ನುವ ಸೌಲಭ್ಯ ಇದೆ. ಪ್ಲಾನ್ ಮಾಡಿಟ್ಟರೆ ಇನ್‌ವಾಯ್ಸ್ ತಾನೇ ಹುಟ್ಟುತ್ತದೆ. ನಾನು ಅದನ್ನು ಬಿಟ್ಟೆ. ಅದರ ಪ್ಲಾನ್ ಸಾಲಿನಲ್ಲಿ ಯಂತ್ರಕ್ಕೆ ಜಾಗ ಇಲ್ಲ. ಫೀಲ್ಡ್ ಸೇರಿಸಿದರೂ ಅದು ಇನ್‌ವಾಯ್ಸ್ ಸಾಲಿಗೆ ತಾನಾಗಿ ದಾಟುವುದಿಲ್ಲ. ಒಂದೇ ಸಬ್‌ಸ್ಕ್ರಿಪ್ಷನ್‌ನಲ್ಲಿ ಬೇರೆ ಬೇರೆ ಬಿಲ್ಲಿಂಗ್ ಅವಧಿಯ ಪ್ಲಾನ್‌ಗಳನ್ನು ಸೇರಿಸಲೂ ಬರುವುದಿಲ್ಲ. ಫೋನ್, ಇಂಟರ್ನೆಟ್ ಥರ ಗಿರಾಕಿಯ ಹೆಸರಿಗೆ ಹೋಗುವ ಸೇವೆಗೆ ಅದು ಚೆನ್ನ.

ಬದಲಿಗೆ ‘ಆಟೋ ರಿಪೀಟ್’ ಹಿಡಿದೆ. ಮೊದಲ ಇನ್‌ವಾಯ್ಸ್ ಅನ್ನು ಸರಿಯಾಗಿ ಮಾಡಿ, ಅದಕ್ಕೆ ಕ್ವಾರ್ಟರ್ಲಿ ಆಟೋ ರಿಪೀಟ್ ಕಟ್ಟಿದರೆ ಮುಂದಿನದ್ದು ಅದರ ನಕಲಾಗಿ ಬರುತ್ತದೆ. ನಾವು ಸೇರಿಸಿದ ‘ಯಂತ್ರ’ ಫೀಲ್ಡ್ ಕೂಡ ಜೊತೆಗೇ ಬರುತ್ತದೆ. ಇನ್‌ವಾಯ್ಸ್‌ನ ಮೇಲ್ಭಾಗದಲ್ಲಿರುವ ಅವಧಿಯ ‘ಫ್ರಮ್’, ‘ಟು’ ತಾರೀಖುಗಳನ್ನು ಅದು ತಾನೇ ಮುಂದೆ ಸರಿಸುತ್ತದೆ. ಸಾಲಿನೊಳಗಿನ ‘ಶುರು’, ‘ಕೊನೆ’ ತಾರೀಖುಗಳನ್ನು ಮಾತ್ರ ಮುಟ್ಟುವುದಿಲ್ಲ, ಹಳೆಯದೇ ಉಳಿಯುತ್ತವೆ. ಹಾಗಾಗಿ ಆಟೋ ರಿಪೀಟ್‌ನಿಂದ ಹುಟ್ಟಿದ ಇನ್‌ವಾಯ್ಸ್ ಸೇವ್ ಆಗುವ ಮುಂಚೆ, ಮೇಲ್ಭಾಗದ ತಾರೀಖನ್ನು ಸಾಲುಗಳಿಗೆ ಇಳಿಸುವ ಇನ್ನೊಂದು ಸರ್ವರ್ ಸ್ಕ್ರಿಪ್ಟ್ ಬರೆದೆ. ಇದನ್ನು ಬಿಟ್ಟರೆ ಅಕ್ಟೋಬರ್ ಬಿಲ್‌ನಲ್ಲಿ ಏಪ್ರಿಲ್‌ನ ಅವಧಿ ಅಚ್ಚಾಗಿ ಹೋಗುತ್ತದೆ.

‘ಸಬ್‌ಮಿಟ್ ಆನ್ ಕ್ರಿಯೇಷನ್’ ಟಿಕ್ ಹಾಕಲಿಲ್ಲ. ಡ್ರಾಫ್ಟ್ ಬರಲಿ, ಮೇಡಂ ಒಮ್ಮೆ ಕಣ್ಣಾಡಿಸಿ ಸಬ್‌ಮಿಟ್ ಮಾಡಲಿ. ಗಿರಾಕಿ ಹೋಟೆಲ್ ಮುಚ್ಚಿದ್ದರೂ ಬಿಲ್ ಹೋಗಿ, ಜಿಎಸ್‌ಟಿ ಕಟ್ಟಿ, ಆಮೇಲೆ ಕ್ರೆಡಿಟ್ ನೋಟ್ ಮಾಡುತ್ತಾ ಕೂರುವುದು ಯಾರಿಗೆ ಬೇಕು? ಇನ್ನೊಂದು ಕಾನೂನಿನ ವಿಷಯ. ಮೂರು ತಿಂಗಳಿಗಿಂತ ಜಾಸ್ತಿ ಅವಧಿಯ ಒಪ್ಪಂದದಲ್ಲಿ ಕಂತು ಕಂತಾಗಿ ಹಣ ಬರುವ ಸೇವೆಯನ್ನು ಜಿಎಸ್‌ಟಿ ಕಾಯ್ದೆ ನಿರಂತರ ಸೇವೆ ಅಂತ ನೋಡುತ್ತದೆ. ಹಣ ಕೊಡುವ ದಿನ ಒಪ್ಪಂದದಲ್ಲೇ ಇದ್ದರೆ, ಸೆಕ್ಷನ್ 31(5) ಪ್ರಕಾರ ಆ ದಿನ ಅಥವಾ ಅದಕ್ಕೂ ಮುಂಚೆ ಇನ್‌ವಾಯ್ಸ್ ಆಗಬೇಕು. ಅದಕ್ಕೆ ಆಟೋ ರಿಪೀಟ್‌ನ ದಿನವನ್ನು ಒಪ್ಪಂದದ ದಿನಕ್ಕಿಂತ ಸ್ವಲ್ಪ ಮುಂಚೆ ಇಟ್ಟೆವು.

ಭೇಟಿಯ ಸ್ಥಳದಲ್ಲಿ

ಮೇಂಟೆನೆನ್ಸ್ ವಿಸಿಟ್ ಅನ್ನು ಹುಡುಗರು ಮೊಬೈಲ್‌ನಲ್ಲೇ ತುಂಬುತ್ತಾರೆ. ಲೇಬಲ್ ಎಲ್ಲ ಕನ್ನಡದಲ್ಲಿ: ‘ಒಳನೀರಿನ ಟಿಡಿಎಸ್’, ‘ಹೊರನೀರಿನ ಟಿಡಿಎಸ್’, ‘ಬದಲಿಸಿದ್ದು’. ಗಿರಾಕಿಗೆ ಕೊಡುವ ಚೀಟಿಯೂ ಕನ್ನಡದಲ್ಲೇ. ಪಿಡಿಎಫ್‌ನಲ್ಲಿ ಮೊದಲು ಅಕ್ಷರದ ಬದಲು ಬರೀ ಚೌಕಗಳು ಬಂದವು. ಸರ್ವರ್‌ನಲ್ಲಿ ಕನ್ನಡ ಫಾಂಟ್ ಇರಲಿಲ್ಲ. ನೋಟೊ ಸಾನ್ಸ್ ಕನ್ನಡ ಹಾಕಿದ ಮೇಲೆ ಸರಿಹೋಯಿತು. ಚೀಟಿಯ ಕೆಳಗೆ ಐಎಸ್ 10500 ಮಾನದಂಡದ ಎರಡು ಅಂಕಿ ಅಚ್ಚು ಹಾಕಿಸಿದೆ. ಕುಡಿಯುವ ನೀರಿನಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 2000ದವರೆಗೆ. ಫ್ಲೋರೈಡ್ 1 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 1.5. ಪಾವಗಡ ಕಡೆಯ ಗಿರಾಕಿಗಳು ಫ್ಲೋರೈಡ್ ಬಗ್ಗೆ ಕೇಳಿಯೇ ಕೇಳುತ್ತಾರೆ. ಟಿಡಿಎಸ್ ಮೀಟರ್ ಫ್ಲೋರೈಡ್ ತೋರಿಸುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಬೇಕು ಅನ್ನುವುದನ್ನೂ ಚೀಟಿಯಲ್ಲೇ ಬರೆಸಿದೆ.

ವಿಸಿಟ್ ಸಬ್‌ಮಿಟ್ ಮಾಡಿದರೆ ಶೆಡ್ಯೂಲ್‌ನಲ್ಲಿ ಆ ಸಾಲು ‘ಪೂರ್ತಿ ಆಯಿತು’ ಅಂತ ಬದಲಾಗುತ್ತದೆ. ಆದರೆ ಹಾಕಿದ ಫಿಲ್ಟರ್ ಸ್ಟಾಕ್‌ನಿಂದ ಕಡಿಮೆ ಆಗುವುದಿಲ್ಲ. ಅದಕ್ಕೆ ಬೇರೆ ಸ್ಟಾಕ್ ಎಂಟ್ರಿ, ‘ಮೆಟೀರಿಯಲ್ ಇಶ್ಯೂ’, ಬೇಕು. ಅದರ ಸಾಲಿನಲ್ಲೂ ‘ಯಂತ್ರ’ ಫೀಲ್ಡ್ ಸೇರಿಸಿದೆ.

ಇಷ್ಟೆಲ್ಲ ಕಷ್ಟಕ್ಕೆ ಫಲ ಸಿಕ್ಕಿದ್ದು ಇಲ್ಲೇ. ಈಗ ಒಂದು ಯಂತ್ರಕ್ಕೆ ವರ್ಷದಲ್ಲಿ ಬಂದ ಎಎಂಸಿ ಹಣ ಒಂದು ಕಡೆ, ಅದಕ್ಕೆ ಹೋದ ಪಾರ್ಟ್ಸ್ ಬೆಲೆ ಇನ್ನೊಂದು ಕಡೆ, ಒಳನೀರಿನ ಟಿಡಿಎಸ್ ಮೂರನೇ ಕಡೆ. ಮೂರನ್ನೂ ಒಂದೇ ರಿಪೋರ್ಟ್‌ನಲ್ಲಿ ಇಟ್ಟಾಗ ಯಜಮಾನರು ತುಂಬಾ ಹೊತ್ತು ನೋಡಿದರು. ನೀರು ಗಡಸಾಗಿರುವ ಕಡೆ ಕಾಂಪ್ರಹೆನ್ಸಿವ್ ಎಎಂಸಿ ನಷ್ಟದಲ್ಲೇ ನಡೆಯುತ್ತಿತ್ತು. ಒಂದೇ ದರ ಎಲ್ಲರಿಗೂ ಹಾಕುತ್ತಿದ್ದರು. ಈಗ ಮೊದಲ ಭೇಟಿಯ ಟಿಡಿಎಸ್ ನೋಡಿ ದರ ಹೇಳುತ್ತಾರೆ. ಟಿಡಿಎಸ್ ಕಡಿಮೆ ಇರುವವರಿಗೆ ದರ ಇಳಿಸಿದ್ದಾರೆ ಕೂಡ, ಅದು ನನಗೆ ಬಹಳ ಖುಷಿ ಕೊಟ್ಟ ವಿಷಯ.

ರಿನ್ಯೂವಲ್ ಮತ್ತು ಮುಂದಿನದು

ಸೀರಿಯಲ್ ನಂಬರ್ ಮೇಲೆ ‘ನೋಟಿಫಿಕೇಶನ್’ ಒಂದನ್ನು ಕಟ್ಟಿದೆ. ಎಎಂಸಿ ಮುಗಿಯುವ 30 ದಿನ ಮುಂಚೆ ಆಫೀಸಿಗೆ ಸುದ್ದಿ ಬರುತ್ತದೆ. ಇದು ಯಂತ್ರಕ್ಕೊಂದು ಬರುತ್ತದೆ. ಗಿರಾಕಿಗೇ ನೇರ ಕಳಿಸಿದರೆ ಮೂರು ಯಂತ್ರ ಇರುವ ಹಾಸ್ಟೆಲ್‌ಗೆ ಒಂದೇ ದಿನ ಮೂರು ಮೇಲ್ ಹೋಗುತ್ತದೆ. ಅದಕ್ಕೆ ಗಿರಾಕಿವಾರು ಪಟ್ಟಿಯ ರಿಪೋರ್ಟ್ ಬೇರೆ ಮಾಡಿ, ಪ್ರತಿ ಸೋಮವಾರ ಆಫೀಸಿಗೆ ಬರುವ ಹಾಗೆ ‘ಆಟೋ ಇಮೇಲ್ ರಿಪೋರ್ಟ್’ ಇಟ್ಟೆ. ಅದನ್ನು ನೋಡಿ ಆಫೀಸಿನವರೇ ಫೋನ್ ಮಾಡುತ್ತಾರೆ. ಗಿರಾಕಿ ಹೂಂ ಅಂದ ಮೇಲೆಯೇ ಹೊಸ ಸೇಲ್ಸ್ ಆರ್ಡರ್. ಹಳೆಯ ಶೆಡ್ಯೂಲ್ ತಿದ್ದುವುದಿಲ್ಲ. ಮರುದಿನದಿಂದ ಶುರುವಾಗುವ ಹೊಸದನ್ನು ಮಾಡುತ್ತಾರೆ, ಹಳೆಯ ವರ್ಷದ ಭೇಟಿಗಳು ಹಾಗೇ ಇರುತ್ತವೆ.

ಯಂತ್ರ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋದರೆ ಸೀರಿಯಲ್ ನಂಬರಿನಲ್ಲಿ ವಿಳಾಸ ಬದಲಿಸಿದರೆ ಸಾಕು. ಹೋಟೆಲ್ ಬೇರೆಯವರ ಕೈಗೆ ಹೋದರೆ ‘ಎಎಂಸಿ ಗಿರಾಕಿ’ ಬದಲಿಸಿ, ಆಟೋ ರಿಪೀಟ್ ನಿಲ್ಲಿಸಿ, ಹೊಸಬರ ಹೆಸರಲ್ಲಿ ಹೊಸದು ಕಟ್ಟಬೇಕು. ಇದು ಕೈಯಿಂದಲೇ ಆಗಬೇಕಾದ ಕೆಲಸ. ಆಟೋ ರಿಪೀಟ್‌ನ ನಕಲು ಹಳೆಯ ಗಿರಾಕಿಯ ಹೆಸರಲ್ಲೇ ಬರುತ್ತಿರುತ್ತದೆ.

15ನೇ ಆವೃತ್ತಿಗೆ ಹೋಗುವುದು ಇನ್ನೂ ಬಾಕಿ ಇದೆ. ಅದರಲ್ಲಿ ಸೀರಿಯಲ್ ನಂಬರ್ ಕೊಡುವ ರೀತಿ ಬದಲಾಗಿದೆ. ಸಾಲಿನಲ್ಲಿ ನಂಬರ್ ಟೈಪ್ ಮಾಡುವ ಬದಲು ‘ಸೀರಿಯಲ್ ಅಂಡ್ ಬ್ಯಾಚ್ ಬಂಡಲ್’ ಅನ್ನುವ ಬೇರೆ ದಾಖಲೆ ಬಂದಿದೆ, ಮೇಂಟೆನೆನ್ಸ್ ಶೆಡ್ಯೂಲ್‌ಗೂ ಅದೇ. ಶೆಡ್ಯೂಲ್ ತಯಾರಿಸುವ ಸರ್ವರ್ ಸ್ಕ್ರಿಪ್ಟ್ ಅನ್ನು ಆಗ ಮತ್ತೆ ಬರೆಯಬೇಕಾಗುತ್ತದೆ. ಸೇಲ್ಸ್ ಆರ್ಡರ್, ಇನ್‌ವಾಯ್ಸ್, ಸ್ಟಾಕ್ ಎಂಟ್ರಿಗಳಲ್ಲಿ ಸೇರಿಸಿದ ‘ಯಂತ್ರ’ ಫೀಲ್ಡ್ ನಮ್ಮದೇ ಆದ್ದರಿಂದ ಹಾಗೇ ಉಳಿಯುತ್ತದೆ. ಮೊದಲು ಬ್ಯಾಕಪ್‌ನಿಂದ ಒಂದು ಪರೀಕ್ಷಾ ಸೈಟ್ ಎಬ್ಬಿಸಿ, ಹೊಸ ಸ್ಕ್ರಿಪ್ಟ್ ಅಲ್ಲಿ ಓಡಿಸಿ, ಒಂದು ಕಾಂಪ್ರಹೆನ್ಸಿವ್ ಮತ್ತು ಒಂದು ನಾನ್ ಕಾಂಪ್ರಹೆನ್ಸಿವ್ ಎಎಂಸಿಯನ್ನು ಆರ್ಡರ್‌ನಿಂದ ಕೊನೆಯ ಭೇಟಿಯವರೆಗೆ ಪೂರ್ತಿ ನಡೆಸಿ ನೋಡಿದ ಮೇಲೆಯೇ ನಿಜವಾದ ಸೈಟ್ ಮುಟ್ಟುವುದು ಅಂತ ಯಜಮಾನರ ಜೊತೆ ಮಾತಾಗಿದೆ.